ಅಣ್ಣನ ಗಡಿಯಾರದ ಕೊಂಡಿಗಳು

ಈಗಲೂ ಸೀಮೆಎಣ್ಣೆಯ ವಾಸನೆ ಬಂದರೆ ನ್ಯಾಮತಿಯ ನಮ್ಮ ಮನೆಯ ಜಗಲಿಯಲ್ಲಿ ತಲೆ ತಗ್ಗಿಸಿ ಕೂತ ಅಪ್ಪ ಕಣ್ಣಮುಂದೆ ಬರುತ್ತಾರೆ.

ಯುದ್ಧಕ್ಕೆ ಹೋದ ಅಣ್ಣ ಬರ್ಮಾದಲ್ಲಿ ತೀರಿಕೊಂಡಿದ್ದ. ಅವನನ್ನು ಅಲ್ಲೇ ಮಣ್ಣು ಮಾಡಿದ ಗೆಳೆಯ ಅವನ ಕೈಗಡಿಯಾರವನ್ನು ನಮಗೆ ತಂದುಕೊಟ್ಟು ಹೋಗಿದ್ದ. ಅದರ ಉಕ್ಕಿನ ಪಟ್ಟಿ ಅಪ್ಪನ ಸಣಕಲು ಕೈಯಲ್ಲಿ ಮೊಣಕೈವರೆಗೂ ಜಾರುತ್ತಿತ್ತು. ಒಂದು ಮಧ್ಯಾಹ್ನ ಅಪ್ಪ ಅದರ ಕೊಂಡಿಗಳಿಗೆ ಸೀಮೆಎಣ್ಣೆ ಬಿಟ್ಟು, ತುಕ್ಕು ಹಿಡಿದ ಸಣ್ಣ ಮೊಳೆಗಳನ್ನು ದಬ್ಬಣದಿಂದ ನೂಕತೊಡಗಿದರು.

"ಗಟ್ಟಿ ಹಿಡ್ಕೊಳವ್ವ, ಜಾರತೈತೆ" ಎಂದರು ನನಗೆ. ಪಟ್ಟಿಯ ಸಂದಿಗಳಲ್ಲಿ ಯಾವುದೋ ಊರಿನ ಕೆಮ್ಮಣ್ಣು ಇನ್ನೂ ಮೆತ್ತಿಕೊಂಡಿತ್ತು.

ಒಳಗಿನಿಂದ ಅವ್ವ ಓಡಿ ಬಂದಳು. "ಕೊಂಡಿ ತೆಗಿಬ್ಯಾಡ್ರಿ! ಅವನ ಕೈ ದಪ್ಪ ಐತೆ. ಬಂದ ಮ್ಯಾಲೆ ಹಾಕ್ಕೊಳ್ಳಾಕೆ ಬಿಗಿ ಆಗತೈತೆ."

ನಾನು ಅಪ್ಪನ ಮುಖ ನೋಡಿದೆ. ಅವರು ದಬ್ಬಣವನ್ನು ಕೆಳಗಿಟ್ಟರು. ಆಮೇಲೆ ಬಿಚ್ಚಿದ ಕೊಂಡಿಗಳನ್ನು ಬಟ್ಟೆಯಲ್ಲಿ ಒರೆಸಿ ಅವಳ ಅಂಗೈಗೆ ಹಾಕಿದರು.

"ಜ್ವಾಪಾನವಾಗಿ ಇಟ್ಕೊ. ಅವನು ಬಂದ ದಿನ ನಾನೇ ಸೇರಿಸಿಕೊಡ್ತೀನಿ."

ಅವ್ವ ಅವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಸಾವಿನ ಸುದ್ದಿ ಬಂದ ಮೇಲೆ ಅಂದು ಮೊದಲ ಸಲ ಅವಳು ತಾನೇ ಒಲೆ ಹಚ್ಚಿ, ನಮಗೆ ರೊಟ್ಟಿ ತಟ್ಟಿದಳು.