ಎರಡನೆಯ ಗೆರೆ

"ಯಾವ ಕತ್ತೆ ಬಿಗಿದದ್ದು ಇದನ್ನ?" ಪಿಕಪ್ ಗಾಡಿಯ ಕೆಳಗಿಂದ ತೆವಳಿ ಬಂದ ಅಣ್ಣ, ಶಾಕ್ ಅಬ್ಸಾರ್ಬರಿನಿಂದ ಕಿತ್ತು ತಂದ ರಬ್ಬರ್ ಬುಷ್ಷಿನ ಚೂರನ್ನು ತಮ್ಮನ ಕಾಲಬುಡಕ್ಕೆ ಎಸೆದ. "ಹಾಕಿ ಎರಡು ತಿಂಗಳಾಗಿಲ್ಲ, ಎಡಗಡೆ ಬುಷ್ಷು ಚಿಂದಿ! ಗಾಡಿ ಜಾಕ್ ಮೇಲಿದ್ದಾಗಲೇ ಬಿಗಿದಿದ್ದೀಯ. ತಲೆಯಲ್ಲಿ ಮಣ್ಣು ತುಂಬಿದೆಯೇನೋ?"

"ನಾನೇ ಅಣ್ಣ. ತಪ್ಪಾಯ್ತು," ಅಂದ ತಮ್ಮ. ಅವನಿಗೂ ಐವತ್ತು ದಾಟಿತ್ತು.

"ಹೋಗ್ಲಿ ಬಿಡಿ ಮೇಸ್ತ್ರಿ," ಎಂದಳು ಗಾಡಿಯ ಒಡತಿ, ಗಿಡದ ಕುಂಡ ಮಾರುವ ನರ್ಸರಿಯಮ್ಮ. "ನಂದು ಹನ್ನೊಂದು ಕುಂಡ ಒಡೀತು, ಅಷ್ಟೇ. ಗುಂಡಿಗೆ ಇಳಿದರೆ ಸಾಕು, ಹಿಂದಿಂದ ಯಾರೋ ಬಾಗಿಲು ಬಡಿದ ಹಾಗೆ ಸದ್ದು. ಎರಡು ಸಲ 'ಯಾರದು?' ಅಂತಲೂ ಕೇಳಿದೆ."

ಅಣ್ಣ ನಗಲಿಲ್ಲ. ಗಾಡಿಯನ್ನು ನೆಲಕ್ಕಿಳಿಸಿ, ಅದು ತನ್ನ ಭಾರಕ್ಕೆ ಕೂತ ಮೇಲೆ ಬೋಲ್ಟು ಬಿಗಿಯಬೇಕು. ಎತ್ತಿಟ್ಟಾಗಲೇ ಬಿಗಿದರೆ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಹರಿಯುತ್ತದೆ. ಈ ಪಾಠವನ್ನು ಅವನು ತಮ್ಮನಿಗೆ ಕೆಲಸಕ್ಕೆ ಸೇರಿದ ಮೊದಲ ವಾರವೇ ಸ್ಪ್ಯಾನರಿನಿಂದ ಗೆಣ್ಣಿಗೆ ಹೊಡೆದು ಕಲಿಸಿದ್ದ. ಆ ಗಾಯದ ಕಲೆ ಇನ್ನೂ ಇತ್ತು. ತಮ್ಮ ಅಂದಿನಿಂದ ಈ ತಪ್ಪು ಮಾಡಿರಲಿಲ್ಲ. ಒಂದು ವರ್ಷದಿಂದ ಮಾಡುತ್ತಿದ್ದವನು ಅಣ್ಣ. ಮಾಡಿದ್ದನ್ನು ಅಲ್ಲೇ ಮರೆಯುತ್ತಿದ್ದ. ಅವನು ಊಟಕ್ಕೆ ಹೋದಾಗ ತಮ್ಮ ಗಾಡಿಯಡಿಗೆ ನುಗ್ಗಿ, ಒಂದೊಂದೇ ನಟ್ಟು ಸಡಿಲಿಸಿ ಸರಿಯಾಗಿ ಬಿಗಿದು, ಏನೂ ಆಗಿಲ್ಲವೆಂಬಂತೆ ಎದ್ದು ಬರುತ್ತಿದ್ದ. ಇದು ಅಣ್ಣನಿಗೆ ಗೊತ್ತಾಗಬಾರದು, ಅಷ್ಟೇ ಅವನಿಗೆ ಬೇಕಿದ್ದದ್ದು. ಈ ಗಾಡಿಯಲ್ಲಿ ಮಾತ್ರ ಬಲಗಡೆಯದು ಮುಗಿಯುವಷ್ಟರಲ್ಲಿ ನರ್ಸರಿಯಮ್ಮ ಗಾಡಿ ಒಯ್ಯಲು ಬಂದುಬಿಟ್ಟಿದ್ದಳು; ಎಡಗಡೆಯದು ಹಾಗೇ ಉಳಿದಿತ್ತು.

"ಬಾ ಇಲ್ಲಿ. ಬಲಗಡೆ ನೋಡು. ಅದು ನನ್ನ ಕೈ!" ಅಣ್ಣ ಟಾರ್ಚು ಹಿಡಿದು ಮತ್ತೆ ಕೆಳಗೆ ತೂರಿದ. "ರಬ್ಬರು ಅಂಗಡಿಯಿಂದ ಈಗ ತಂದ ಹಾಗಿದೆ. ನೋಡಿ ಕಲಿ, ಇನ್ನಾದರೂ."

"ಬೇಡ ಅಣ್ಣ, ನಾನೇ ಎರಡೂ ಕಡೆ ಹೊಸದು ಹಾಕ್ತೀನಿ, ನೀನು ಏಳು."

ಅಣ್ಣ ಏಳಲಿಲ್ಲ. ಟಾರ್ಚಿನ ಬೆಳಕು ನಟ್ಟಿನ ಮೇಲೆಯೇ ನಿಂತಿತು. ತಾನು ಬಿಗಿದು ಮುಗಿದ ಮೇಲೆ ನಟ್ಟು ಬೋಲ್ಟು ಎರಡಕ್ಕೂ ಸೇರಿಸಿ ಒಂದು ನೀಲಿ ಗೆರೆ ಎಳೆಯುವುದು ಅವನ ಪದ್ಧತಿ. ಆಮೇಲೆ ನಟ್ಟು ತಿರುಗಿದರೆ ಗೆರೆ ಮುರಿಯುತ್ತದೆ. ಇಲ್ಲಿ ಗೆರೆ ಮುರಿದಿತ್ತು. ಅದರ ಪಕ್ಕದಲ್ಲಿ ಇನ್ನೊಂದು ನೀಲಿ ಗೆರೆ ಇತ್ತು. ಆ ದಿನದ ಗಡಿಬಿಡಿಯಲ್ಲಿ ತಮ್ಮ ಹಳೆಯ ಗೆರೆ ಕೆರೆಯುವುದನ್ನು ಮರೆತಿದ್ದ.

ಅಣ್ಣ ಮಲಗಿದಲ್ಲೇ ಎಡಕ್ಕೆ ಹೊರಳಿದ. ಅಲ್ಲಿನ ನಟ್ಟಿನ ಗ್ರೀಸನ್ನು ಹೆಬ್ಬೆರಳಿನಿಂದ ಒರೆಸಿದ. ಒಂದೇ ಗೆರೆ, ತಾನೇ ಎಳೆದದ್ದು. ಕೂದಲೆಳೆಯಷ್ಟೂ ಮುರಿದಿರಲಿಲ್ಲ.

"ಎಷ್ಟು ದಿನದಿಂದ ನನ್ನ ಹಿಂದೆ ಬಂದು ಬಿಗೀತಿದ್ದೀಯ?" ಗಾಡಿಯ ಕೆಳಗಿಂದ ಬಂದ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ತಮ್ಮನಿಗೆ ಹೆದರಿಕೆಯಾಯಿತು.

"ಅಣ್ಣ, ಅದು ಹಾಗಲ್ಲ..."

"ಕೇಳಿದ್ದಕ್ಕೆ ಹೇಳು."

"ಒಂದು ವರ್ಷ ಆಗ್ತಾ ಬಂತು."

ಅಣ್ಣ ಹೊರಬಂದು ಎದ್ದು ನಿಂತ. ಅವನು ಮೊಣಕೈವರೆಗೂ ಸೋಪು ಹಚ್ಚಿ, ಉಗುರಿನ ಸಂದು ಬಿಡದೆ ತೊಳೆದುಕೊಂಡ, ಗ್ಯಾರೇಜಿನ ಬಾಗಿಲು ಮುಚ್ಚುವ ಹೊತ್ತಿನಲ್ಲಿ ತೊಳೆಯುವ ಹಾಗೆ. ಗಡಿಯಾರದಲ್ಲಿ ಇನ್ನೂ ಬೆಳಗಿನ ಹನ್ನೊಂದು ಗಂಟೆ. ತಮ್ಮನ ಕೈ ಹಿಡಿದು, ಗೆಣ್ಣಿನ ಮೇಲಿನ ಹಳೆಯ ಕಲೆಯನ್ನು ಒಂದು ಸಲ ಸವರಿ, ಆ ಕೈಗೆ ಸ್ಪ್ಯಾನರ್ ಇಟ್ಟ.

"ಕೆಳಗಿಳಿಸಿ ಬಿಗಿ," ಅಂದು ಹೊರಟುಹೋದ.

ತಮ್ಮ ಹೊಸ ಬುಷ್ಷು ಹಾಕಿದ. ಗಾಡಿಯನ್ನು ನೆಲಕ್ಕಿಳಿಸಿ ಬಿಗಿದ. ನರ್ಸರಿಯಮ್ಮ ಬಗ್ಗಿ ನೋಡಿ, "ಪ್ರತಿಸಲ ಇರೋ ನೀಲಿ ಗೆರೆ ಎಲ್ಲಿ?" ಎಂದಳು.

"ಅಣ್ಣ ಬಂದು ಹಾಕ್ತಾನೆ."

ಅಣ್ಣನಿಗೆ ಕಾದು ಮೂರು ದಿನ ಗಾಡಿ ಅಂಗಳದಲ್ಲೇ ನಿಂತಿತ್ತು. ನಾಲ್ಕನೆಯ ದಿನ ಅವಳು ಗೆರೆಯಿಲ್ಲದೆಯೇ ಗಾಡಿ ಒಯ್ದಳು.