ಹೊಲದ ನಿದ್ದೆ

ಒಂದು ವರ್ಷ ಬಿತ್ತದೆ ಹೊಲವನ್ನು ಮಲಗಿಸಿದವರಿಗೆ ಸರಕಾರ ಸಹಾಯಧನ ಕೊಡುತ್ತಿತ್ತು. ಪರೀಕ್ಷೆಗೆ ಬಂದ ಸಾಹೇಬರು ನಿಂಬೆವ್ವನ ಎರೆಹೊಲಕ್ಕೆ ಕಿವಿಯಿಟ್ಟು ಆಲಿಸಿ, ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡರು.

"ಇನ್ನೂ ಎಚ್ಚರ ಐತವ್ವಾ. ಹಿಂಗಾದ್ರ ರೊಕ್ಕ ಬರಾಂಗಿಲ್ಲ."

ನಿಂಬೆವ್ವನಿಗೆ ಥಟ್ಟನೆ ಹೊಳೆಯಿತು. ಬಿತ್ತಿಲ್ಲವಲ್ಲ ಎಂದು ಈ ಸಲ ಎಳ್ಳಮಾವಾಸ್ಯೆಗೆ ಅವಳು ಹೊಲಕ್ಕೆ ಉಣಿಸುವ ಚರಗದ ಎಡೆ ಚೆಲ್ಲಿರಲಿಲ್ಲ.

"ಭೂಮ್ತಾಯಿ ಹಸದಾಳ್ರಿ," ಎಂದವಳೇ ತನ್ನ ಬುತ್ತಿ ಬಿಚ್ಚಿ, ಸಜ್ಜೆರೊಟ್ಟಿ ಮುರಿದು ಪುಂಡಿಪಲ್ಯದಲ್ಲಿ ಕಲಸಿ, ಹೊಲದುದ್ದಕ್ಕೂ ಚೆಲ್ಲುತ್ತ ನಡೆದಳು. "ಉಣ್ಣವ್ವಾ, ನಂದ ತಪ್ಪಾತು."

ಮಣ್ಣು ನಿಧಾನಕ್ಕೆ ಉಸಿರು ಬಿಟ್ಟಿತು. ಬಿರುಕುಗಳು ಒಂದೊಂದಾಗಿ ರೆಪ್ಪೆ ಮುಚ್ಚಿದವು. ಸ್ವಲ್ಪ ಹೊತ್ತಿಗೆ ಆ ಬರಿನೆಲದಿಂದ ಹಾಲು ತುಂಬಿದ ಜೋಳದ ತೆನೆಯ ಘಮ ಏಳತೊಡಗಿತು.

ಹೊಲ ಮಲಗಿತೆಂದು ಬರೆದುಕೊಳ್ಳುತ್ತಿದ್ದ ಸಾಹೇಬರ ಪೆನ್ನು ನಿಂತಿತು. "ಕದ್ದು ಜ್ವಾಳ ಬಿತ್ತೀಯೇನವ್ವಾ?"

"ಇಲ್ರೀ." ನಿಂಬೆವ್ವ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ಪಿಸುಗುಟ್ಟಿದಳು. "ಆಕಿಗೆ ಕನಸು ಬಿದ್ದೈತಿ. ಮೆಲ್ಲಗ ಬರೀರಿ."