ಅದೇ ಹೊಲಿಗೆ, ಅದೇ ಬಣ್ಣ

ಅಂಗಡಿಯ ಗಾಜಿಗೆ ಮೂಗು ತಗಲುವಷ್ಟು ಹತ್ತಿರ ನಿಂತಿದ್ದ ವರ್ನಾ ಹಾಲ್‌ಸ್ಟೆಡ್‌ಗೆ ಮೈಯೆಲ್ಲ ಉರಿಯಿತು. ಒಳಗೆ ಬೊಂಬೆಯ ಮೈಮೇಲೆ ಬೆಳ್ಳಗೆ ಹೊಳೆಯುತ್ತಿದ್ದ ಈಜುಡುಗೆ ಅವಳ ಕೈಯದೇ. ಒಂದೇ ಹೆಗಲಿಗೆ ಗಂಟು, ಎದೆಯ ಮೇಲೆ ಚಿಪ್ಪಿನಂಥ ನೆರಿಗೆ, ಸೊಂಟದಲ್ಲಿ ಓರೆ ಹೊಲಿಗೆ. ಬಣ್ಣ ಮಾತ್ರ ಬೇರೆ. ಕದ್ದ ಹಸುವಿಗೆ ಕಳ್ಳರು ಬಣ್ಣ ಬಳಿಯದೆ ಇರುತ್ತಾರೆಯೇ? ಅವಳು ಅದನ್ನು ರೂಪಿಸಿಕೊಟ್ಟ ಚಿತ್ರ ಇನ್ನೂ ಬಿಡುಗಡೆಯಾಗಿರಲಿಲ್ಲ. ನಾಯಕಿಯ ಒಂದು ಫೋಟೋ ಕೂಡ ಸ್ಟುಡಿಯೋದ ಗೇಟು ದಾಟಿರಲಿಲ್ಲ.

ನಿರ್ಮಾಪಕರಿಗೆ ಸುದ್ದಿ ಆಗಲೇ ಮುಟ್ಟಿತ್ತು.

"ಯಾರು ಕದ್ದಿದ್ದು ಅಂತ ಹೇಳಿ. ಇಲ್ಲಾಂದ್ರೆ ಮುಂದಿನ ಚಿತ್ರಕ್ಕೆ ಬೇರೆ ದರ್ಜಿನ ನೋಡ್ಕೋತೀನಿ," ಎಂದು ಫೋನು ಇಟ್ಟರು.

ದರ್ಜಿ! ಹಾಲಿವುಡ್ಡಿನ ಅರ್ಧ ಅಪ್ಸರೆಯರನ್ನು ನೀರಿಗಿಳಿಸಿದವಳಿಗೆ ಈ ಮಾತು. ಸ್ಟುಡಿಯೋ ಕೈಬಿಟ್ಟರೆ ಅವಳ ಹೊಲಿಗೆಮನೆಗೆ ಬೀಗವೇ ಗತಿ.

ಚಿತ್ರ ಕಪ್ಪುಬಿಳುಪಿನದು. ಅಪ್ಪಟ ಬಿಳಿ ಬಟ್ಟೆ ದೊಡ್ಡ ದೀಪಗಳ ಮುಂದೆ ಕಣ್ಣು ಕುಕ್ಕುತ್ತದೆಂದು ವರ್ನಾ ಬಟ್ಟೆಗೆ ಹಳದಿ ಹಾಕಿಸಿದ್ದಳು. ತೆರೆಯ ಮೇಲೆ ಅದು ಹಾಲಿನಂತೆ ಬೆಳಗುತ್ತಿತ್ತು. ಸೆಟ್ಟಿನಲ್ಲಿ ನಾಯಕಿಯಿಂದ ಹಿಡಿದು ದೀಪದವರ ತನಕ ಎಲ್ಲರೂ ಆ ಉಡುಗೆಯನ್ನು 'ಬೆಣ್ಣೆ' ಎಂದೇ ಕರೆದರು. ಅದಿದ್ದ ಬೀರುವಿನ ಕೀಲಿ ಇದ್ದದ್ದು ಇಬ್ಬರಲ್ಲಿ: ವರ್ನಾ ಮತ್ತು ಹೊಲಿಗೆಯ ಡೆಲ್ಫೀನಾ. ಡೆಲ್ಫೀನಾಳ ತಂಗಿಯ ಮಗಳು ಕೆಲಸಕ್ಕಿದ್ದದ್ದು ನಕಲು ಮಾರುತ್ತಿದ್ದ ಆ ಅಂಗಡಿಯಲ್ಲೇ.

ಕೆಲಸದ ಮಾತು ಮನೆಗೆ ತರಬಾರದೆಂದು ಮದುವೆಯ ದಿನವೇ ಗಂಡಹೆಂಡಿರಲ್ಲಿ ಕರಾರಾಗಿತ್ತು. ಮರುದಿನ ಬೆಳಗಿನ ತಿಂಡಿಗೆ ವರ್ನಾ ಅದನ್ನು ಮುರಿದಳು.

ಗಂಡ ಲೈಲ್ ಅದೇ ಚಿತ್ರದ ಸಂಕಲನಕಾರ. ರೀಲುಗಳೆಲ್ಲ ಅವನ ಕೋಣೆಯಲ್ಲೇ. ಸೆಟ್ಟಿಗಾಗಲಿ ಹೊಲಿಗೆಮನೆಗಾಗಲಿ ಕಾಲಿಟ್ಟವನಲ್ಲ. "ಅಲ್ಲಿಗೆ ಬಂದ್ರೆ ನನ್ನ ಕಣ್ಣು ಕೆಡುತ್ತೆ. ತೆರೆ ಮೇಲೆ ಏನಿದೆಯೋ ಅದಷ್ಟೇ ನನಗೆ ನಿಜ," ಎನ್ನುವುದು ಅವನ ಹೆಮ್ಮೆ. ಈಗ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ತಾಳ್ಮೆಯಿಂದ ಕೇಳಿಸಿಕೊಂಡ. ಮಣಿಕಟ್ಟಿನಲ್ಲಿ ಹೊಸ ಚಿನ್ನದ ಗಡಿಯಾರ ಮಿನುಗುತ್ತಿತ್ತು.

"ಹೊರಗಿನವರನ್ನ ಯಾಕೆ ಹುಡುಕ್ತೀಯ?" ಎಂದ. "ಬೇಲಿನೇ ಎದ್ದು ಹೊಲ ಮೇಯ್ದಿದೆ."

"ಡೆಲ್ಫೀನಾ ಅಂಥೋಳಲ್ಲ ಕಣೋ."

"ನಂಬಿದವರೇ ಕತ್ತು ಕುಯ್ಯೋದು, ಚಿನ್ನ. ಕೊನೆಗೆ ನಾನು ಹೇಳಲಿಲ್ಲ ಅಂತ ಅನ್ನಬೇಡ."

ಅನುಮಾನ ಒಮ್ಮೆ ಹೊಕ್ಕರೆ ಸಾಕು, ಡೆಲ್ಫೀನಾ ಮಾಡಿದ್ದೆಲ್ಲ ಕಳ್ಳತನದಂತೆ ಕಂಡಿತು. ಅವಳು ಚೀಲ ಮುಚ್ಚಿಕೊಂಡು ಹೋಗುವುದು, ತಂಗಿಯ ಮಗಳ ಹೆಸರೆತ್ತಿದರೆ ಮಾತು ಬದಲಿಸುವುದು. ಮಧ್ಯಾಹ್ನ ವರ್ನಾ ಕೈಚಾಚಿ ಕೀಲಿ ಕೇಳಿದಳು.

ಡೆಲ್ಫೀನಾ ಕೀಲಿಯನ್ನು ಮೇಜಿನ ಮೇಲಿಟ್ಟಳು. "ಹೊಲಿದಿದ್ದು ಈ ಕೈ ಮೇಡಂ. ಮಾರೋಕೆ ಇದಕ್ಕೆ ಬರಲ್ಲ." ಕಣ್ಣೊರೆಸಿಕೊಳ್ಳದೆ ಹೊರಟುಹೋದಳು. ಹೊಲಿಗೆಮನೆ ತೆರೆದ ದಿನದಿಂದ ಜತೆಗಿದ್ದವಳು. ಆದರೂ ವರ್ನಾ ಕರೆಯಲಿಲ್ಲ.

ಸಂಜೆ ನಿರ್ಮಾಪಕರಿಗೆ ತೋರಿಸಲೆಂದು ಅಂಗಡಿಯ ನಕಲನ್ನು ಕೊಂಡು ತಂದು, ಮನೆಯ ಮೇಜಿನ ಮೇಲೆ, ಬೀರುವಿನಿಂದ ತಂದಿದ್ದ 'ಬೆಣ್ಣೆ'ಯ ಪಕ್ಕದಲ್ಲಿ ಹರಡಿದಳು. ನಕಲಿನ ಕೊರಳಲ್ಲಿ ಒಂದು ಚೀಟಿ ನೇತಾಡುತ್ತಿತ್ತು: 'ತೆರೆಗೆ ಬರುವ ಮೊದಲೇ ನಿಮ್ಮ ಮೈಮೇಲೆ. ಅದೇ ಹೊಲಿಗೆ, ಅದೇ ಬಣ್ಣ.'

ಅದೇ ಬಣ್ಣವಂತೆ! ವರ್ನಾಗೆ ನಗು ಬಂತು. ಅರ್ಧಕ್ಕೇ ನಿಂತಿತು. ಹಾಗಾದರೆ ಅವರು ಬಣ್ಣ ಬದಲಿಸಿಲ್ಲ. ಬಿಳಿಯೇ ನಿಜವೆಂದು ನಂಬಿದ್ದಾರೆ. ವಾರಗಟ್ಟಲೆ ಈ ಹಳದಿಯನ್ನು ತೊಡೆಯ ಮೇಲೆ ಹರವಿಕೊಂಡು ಕೂತವಳು ಅವರಿಗೆ ಬಿಳಿ ಎಂದು ಹೇಳುತ್ತಿದ್ದಳೇ?

ಅಯ್ಯೋ, ಡೆಲ್ಫೀನಾ.

ಬಾಗಿಲು ತೆರೆಯಿತು. ಲೈಲ್ ಹೂಗೊಂಚಲು ಹಿಡಿದು ಒಳಬಂದ. ಮೇಜಿನ ಮೇಲಿದ್ದ ಎರಡನ್ನೂ ನೋಡಿದ.

"ನಿನ್ನದು ಯಾವುದು ಅಂತ ನನಗೆ ಹೇಳಿಕೊಡಬೇಕಾ?" ಎಂದು ಪ್ರೀತಿಯಿಂದ ಬಿಳಿಯದನ್ನೆತ್ತಿ ಅವಳ ಹೆಗಲಿಗೆ ಹಿಡಿದ. "ಆ ಹಳದಿ ನೋಡು, ಪಾಪ, ಕಳ್ಳರಿಗೆ ಬಣ್ಣ ಕದಿಯೋಕೂ ಬರಲಿಲ್ಲ."